ಇಂಗ್ಲಿಷಿನಲ್ಲಿ, ಮೊದಲಿಂದ ಹೇಳು

ಕಲ್ಲೇಶ ಎಮರ್ಜೆನ್ಸಿ ಡಾಕ್ಟರಾಗುವುದು ಆಗದ ಮಾತು ಎಂದವಳು ನಾನು. ಬರೀ ಅಂದವಳಲ್ಲ, ಆಗದಂತೆ ನೋಡಿಕೊಂಡವಳೂ ನಾನೇ. ನನ್ನ ತಪ್ಪಿನಿಂದ ಒಬ್ಬ ಮನುಷ್ಯ ಸತ್ತ. ಆ ತಪ್ಪನ್ನು ತಡೆಯಲು ನನ್ನ ಹತ್ತಿರ ಓಡಿಬಂದಿದ್ದವನ ತಲೆಗೇ ಅದನ್ನು ಕಟ್ಟಿದೆ. ತುಂಬಿದ ಸಭೆಯಲ್ಲಿ ಎದ್ದುನಿಂತು, ಅವನು ನನಗೆ ಏನೂ ಹೇಳಲಿಲ್ಲ ಎಂದೆ. ಅವನು ಹೇಳಿದ್ದ. ನಾನು ಕೇಳಿಸಿಕೊಂಡಿದ್ದೆ.

ನಾನು ಕಡೂರಿನ ಹತ್ತಿರದ ಯಗಟಿಯವಳು. ಹೆಸರು ಕೆಂಚಮ್ಮ. ಅಪ್ಪ ಕುರಿ ಮೇಯಿಸುತ್ತಿದ್ದರು, ಈಗಲೂ ಮೇಯಿಸುತ್ತಾರೆ. ನಮ್ಮ ಮನೆತನದಲ್ಲಿ ಪದವಿ ಅಂತ ಪಡೆದವರಲ್ಲಿ ನಾನೇ ಮೊದಲಿಗಳು, ಎಂ.ಬಿ.ಬಿ.ಎಸ್., ಆಮೇಲೆ ತುರ್ತು ವೈದ್ಯಕೀಯದಲ್ಲಿ ಎಂ.ಡಿ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ತಪ್ಪೊಪ್ಪಿಕೊಳ್ಳುವವಳು ತನ್ನ ಓದನ್ನೂ ಸೇರಿಸಿ ತಲೆ ತಗ್ಗಿಸಬೇಕು ಎಂದು ನೀವು ಬಯಸಿದರೆ ಪುಟ ತಿರುಗಿಸಿ, ನನಗೇನೂ ಬೇಸರವಿಲ್ಲ. ಓದಿದ್ದು ನನ್ನ ಬೆವರು. ಮಾಡಿದ್ದು ನನ್ನ ಪಾಪ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಿಡಲು ಬಂದಿಲ್ಲ.

ನಮ್ಮ ವಿಭಾಗದಲ್ಲಿ ಒಂದು ಪದ್ಧತಿ ಇತ್ತು. ಹೊಸದಾಗಿ ಸೇರಿದ ಪಿ.ಜಿ. ರೋಗಿಯನ್ನು ಮೊದಲು ನೋಡಬೇಕು, ಆಮೇಲೆ ಸೀನಿಯರ್ ಎದುರು ನಿಂತು ಒಪ್ಪಿಸಬೇಕು — ಅದಕ್ಕೆ ಪ್ರೆಸೆಂಟ್ ಮಾಡುವುದು ಎನ್ನುತ್ತಾರೆ. ಅದು ಇಂಗ್ಲಿಷಿನಲ್ಲೇ ಇರಬೇಕು, ಒಂದೇ ಕ್ರಮದಲ್ಲಿರಬೇಕು. ರೋಗಿಯ ವಯಸ್ಸು, ಏನು ನೋವು, ಯಾವಾಗಿಂದ, ಹಿಂದೆ ಏನಾದರೂ ಕಾಯಿಲೆ ಇತ್ತೇ, ಕೊನೆಗೆ ಮೈ ಮುಟ್ಟಿ ನೋಡಿದಾಗ ಸಿಕ್ಕಿದ್ದು. ನಡುವೆ ತಪ್ಪಿದರೆ ಮತ್ತೆ ಮೊದಲಿಂದ. ಪದ್ಧತಿಯೇನೋ ಕೆಟ್ಟದ್ದಲ್ಲ, ಹತ್ತು ಕಡೆಯಿಂದ ಕೂಗಾಟ ಇರುವ ಜಾಗದಲ್ಲಿ ಮಾತಿಗೊಂದು ಕಟ್ಟು ಬೇಕು. ಆದರೆ ನನ್ನ ಮೊದಲ ವರ್ಷದಲ್ಲಿ ಅದು ಹೊಡೆಯಲು ಇಟ್ಟುಕೊಂಡ ಕೋಲಾಗಿತ್ತು. ರೋಗಿಯ ಮಂಚದ ಪಕ್ಕ ನಿಲ್ಲಿಸಿ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹೇಳಿಸುತ್ತಿದ್ದರು. ನನ್ನ ಹೆಸರು ಕೇಳಿದರೆ ಸಾಕು, ದೇವಸ್ಥಾನ ಬಿಟ್ಟು ಇಲ್ಲಿಗ್ಯಾಕೆ ಬಂದೆ ತಾಯಿ ಎಂದು ಕೈ ಮುಗಿಯುತ್ತಿದ್ದ ಸೀನಿಯರೊಬ್ಬನಿದ್ದ. ನಾನು ಹಾಸ್ಟೆಲಿನ ಬಚ್ಚಲಲ್ಲಿ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ನಿಂತು, ಇಂಗ್ಲಿಷನ್ನು ಗಟ್ಟಿಯಾಗಿ ಆಡಿ ಆಡಿ ಕಲಿತೆ. ಕಲಿತ ಮೇಲೆ ಆ ಕೋಲನ್ನು ಮುರಿದು ಹಾಕಬಹುದಿತ್ತು. ನಾನು ಕೈಗೆ ತೆಗೆದುಕೊಂಡೆ.

ಮೂರನೇ ವರ್ಷ ನನ್ನನ್ನು ಚೀಫ್ ರೆಸಿಡೆಂಟ್ ಮಾಡಿದರು. ಕಿರಿಯರ ಡ್ಯೂಟಿ ಹಾಕುವುದು, ಅವರಿಗೆ ಪಾಠ ಹೇಳುವುದು, ಹೊಸಬರನ್ನು ಕೈಹಿಡಿದು ನಡೆಸುವುದು, ಎಲ್ಲವೂ ನನ್ನ ಹೆಗಲಿಗೆ. ಆ ವರ್ಷ ಬಂದವರಲ್ಲಿ ಕಲ್ಲೇಶನೂ ಒಬ್ಬ. ನಿಮ್ಮ ಕಡೆಯವನೇ, ಇವನನ್ನು ನೀವೇ ನೋಡಿಕೊಳ್ಳಿ ಎಂದು ವಿಭಾಗದ ಮುಖ್ಯಸ್ಥರು ಅವನನ್ನು ನನಗೆ ಒಪ್ಪಿಸಿದರು. ಅವನು ಮುಖ ಅರಳಿಸಿಕೊಂಡು ಬಂದ.

"ಯಗಟಿಯೋರಂತೆ? ನಾವು ಅಜ್ಜಂಪುರದೋರು ಕಣಕ್ಕ. ನೀವಿದ್ದೀರ ಅಂತ ಗೊತ್ತಾದ್ಮೇಲೆ ಧೈರ್ಯ ಬಂತು."

"ಇಲ್ಲಿ ಯಾರೂ ನಿನ್ನ ಅಕ್ಕ ಅಲ್ಲ," ಎಂದೆ.

ಅವನ ಮೇಲೆ ಅಷ್ಟು ಸಿಟ್ಟು ಯಾಕಿತ್ತು? ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ಅವನು ಸೋಮಾರಿಯಲ್ಲ, ದಡ್ಡನಲ್ಲ. ರೋಗಿಗಳು ಅವನ ಕೈ ಹಿಡಿದುಕೊಂಡರೆ ಬಿಡುತ್ತಿರಲಿಲ್ಲ. ಆದರೆ ಅವನ ಬಾಯಲ್ಲಿ ನಮ್ಮಪ್ಪನ ಮಾತಿತ್ತು — ಐತೆ, ಬತ್ತೀನಿ, ಹೋಯ್ತು. ನಾನು ನಲ್ಲಿ ನೀರಿನ ಸದ್ದಿನಲ್ಲಿ ತೊಳೆದುಕೊಂಡು ಬಂದದ್ದನ್ನೆಲ್ಲ ಅವನು ಹಾಗೇ ಹೊತ್ತುಕೊಂಡು ವಾರ್ಡಿನೊಳಗೆ ನಡೆದು ಬರುತ್ತಿದ್ದ. ಅವನು ಬಾಯಿ ತೆರೆದಾಗೆಲ್ಲ ಎಲ್ಲರೂ ನನ್ನ ಕಡೆ ನೋಡುತ್ತಾರೆ ಅನ್ನಿಸುತ್ತಿತ್ತು. ನೋಡುತ್ತಿದ್ದರೋ ಇಲ್ಲವೋ —

ಅವನ ಹೆಸರು ಹಿಡಿದು ಕರೆಯುವುದನ್ನು ಬಿಟ್ಟೆ. 'ಏ ಅಜ್ಜಂಪುರ' ಎನ್ನುತ್ತಿದ್ದೆ. ನಾನು ಕರೆದಂತೆ ಉಳಿದ ಕಿರಿಯರೂ ಕರೆದರು. ರೋಗಿಗಳ ಎದುರು ನಿಲ್ಲಿಸಿ ಪ್ರೆಸೆಂಟ್ ಮಾಡಿಸುತ್ತಿದ್ದೆ. ತಡವರಿಸಿದರೆ ಮೊದಲಿಂದ, ಕನ್ನಡ ಬಂದರೆ ಹೊರಗೆ. ಅವನು ಬರೆದರೆ ಇಂಗ್ಲಿಷು ಸುಸೂತ್ರ. ನನ್ನ ಮುಖ ಕಂಡರೆ ಮಾತ್ರ ನಾಲಗೆ ಒಣಗುತ್ತಿತ್ತು. ಒಂದು ದಿನ ಕ್ಯಾಂಟೀನಿನಲ್ಲಿ, ಎಲ್ಲರೂ ಕೇಳುವಂತೆ, "ನೀನು ಎಮರ್ಜೆನ್ಸಿ ಡಾಕ್ಟರಾಗೋದು ಆಗದ ಮಾತು ಕಣೋ. ಊರಿಗೋಗಿ ಸೂಜಿ ಚುಚ್ಕೊಂಡಿರು" ಎಂದೆ. ಸಿಟ್ಟಿನಲ್ಲಿ ನನ್ನ ಮಾತೂ ಯಗಟಿಗೆ ಹೋಗಿತ್ತು. ಅದನ್ನು ಯಾರೂ ಗಮನಿಸಲಿಲ್ಲ, ನಕ್ಕರು. ಅವನು ತಟ್ಟೆಯಲ್ಲಿದ್ದದ್ದನ್ನು ಮುಗಿಸಿಯೇ ಎದ್ದ. ಅದೂ ನನಗೆ ಸಿಟ್ಟು ತರಿಸಿತು.

ಈಗ ಆ ದಿನದ ಮಾತು.

ಬೆಳಗಿನ ಹೊತ್ತು. ಹಿರೇನಲ್ಲೂರಿನ ಕಡೆಯ ರೈತರೊಬ್ಬರನ್ನು ಕರೆತಂದರು, ಜೊತೆಯಲ್ಲಿ ಹೆಂಡತಿ. ಎದೆನೋವು, ಮೈಯೆಲ್ಲ ಬೆವರು. ಇ.ಸಿ.ಜಿ. ನೋಡಿದೆ, ಹೃದಯಾಘಾತ ಇದ್ದಂತೆಯೇ ಇತ್ತು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ನರ್ಸಿಗೆ ಹೇಳಿ, ಪಕ್ಕದ ಕೋಣೆಯಲ್ಲಿ ಕಿರಿಯರಿಗೆ ಪಾಠ ಹೇಳಲು ಹೋದೆ. ಕಲ್ಲೇಶನನ್ನು ರೋಗಿಯ ಬಳಿ ಬಿಟ್ಟಿದ್ದೆ.

ನರ್ಸು ಔಷಧಿ ಸಿದ್ಧ ಮಾಡುತ್ತಿದ್ದಾಗ ಅವನು ರೋಗಿಯ ಎರಡೂ ಕೈ ಹಿಡಿದು ನೋಡಿದ್ದಾನೆ. ಬಲಗೈಯಲ್ಲಿ ನಾಡಿ ಚೆನ್ನಾಗಿದೆ. ಎಡಗೈಯಲ್ಲಿ ಸಿಗುತ್ತಲೇ ಇಲ್ಲ. ಹೀಗಾದರೆ ಅದು ಬರೀ ಹೃದಯಾಘಾತವಲ್ಲ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಒಳಪದರವೇ ಸೀಳಿರಬಹುದು. ಅಂಥವರಿಗೆ ಹೆಪ್ಪು ಕರಗಿಸುವ ಔಷಧಿ ಕೊಡುವುದೆಂದರೆ ಸೀಳಿದ ಜಾಗವನ್ನು ನಾವೇ ಬಿಚ್ಚಿಕೊಟ್ಟಂತೆ. ಅವನಿಗೆ ಅದು ಹೊಳೆದಿದೆ. ನನಗೆ ಹೊಳೆದಿರಲಿಲ್ಲ, ನಾನು ಕೈ ಮುಟ್ಟಿಯೇ ಇರಲಿಲ್ಲ.

ಅವನು ಓಡಿಬಂದ. "ಮೇಡಂ, ಎಡಗೈಲಿ —"

"ಇಂಗ್ಲಿಷಿನಲ್ಲಿ. ಮೊದಲಿಂದ ಹೇಳು."

ಅವನು ಶುರುಮಾಡಿದ. ವಯಸ್ಸು, ನೋವು, ಯಾವಾಗಿಂದ. ಅಷ್ಟರಲ್ಲಿ ತಡವರಿಸಿದ. ನಮ್ಮ ಕ್ರಮದಲ್ಲಿ ಮೈ ಮುಟ್ಟಿ ನೋಡಿದ್ದು ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಅವನು ಅಲ್ಲಿಗೆ ತಲುಪಲೇ ಇಲ್ಲ. ಮತ್ತೆ ಮೊದಲಿಂದ ಎಂದೆ. ಕಿರಿಯರು ಕಿಸಕ್ಕೆಂದರು. ಅವನು ಇಂಗ್ಲಿಷು ಕ್ರಮ ಎರಡನ್ನೂ ಬಿಟ್ಟು, ಎಡಗೈ ನೋಡಿ ಮೇಡಂ, ಒಂದ್ಸಲ ಬಂದು ನೋಡಿ ಅಂದ. ಹೇಳಲು ಕಲಿತ ಮೇಲೆ ಬಾ ಎಂದು ಬಾಗಿಲು ತೋರಿಸಿದೆ. ಆಗಲೇ ನರ್ಸು ಇಣುಕಿ, ಇಂಜೆಕ್ಷನ್ ರೆಡಿ, ಕಲ್ಲೇಶ ಸರ್ ತಡೀರಿ ಅಂತಾರೆ, ಏನು ಮಾಡಲಿ ಎಂದು ಕೇಳಿದಳು.

"ಇಲ್ಲಿ ಚೀಫ್ ಯಾರು? ಕೊಡಿ," ಎಂದೆ.

ಎಡಗೈ ಎಂಬ ಮಾತು ನನ್ನ ಕಿವಿಗೆ ಬಿದ್ದಿತ್ತು. ಇದನ್ನು ನಾನು ಬಹಳ ವರ್ಷ ಯಾರಿಗೂ ಹೇಳಲಿಲ್ಲ. ಎಡಗೈ ಎಂದರೆ ಏನಿರಬಹುದು ಎಂದು ತಲೆಯ ಯಾವುದೋ ಮೂಲೆ ಕೇಳಿತು ಕೂಡ. ಆ ಮೂಲೆಯನ್ನು ಸುಮ್ಮನಾಗಿಸಿದೆ. ಎದ್ದು ಹೋಗಿ ನೋಡಿದರೆ ಅವನು ಗೆದ್ದಂತೆ ಆಗುತ್ತಿತ್ತು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಇಂಜೆಕ್ಷನ್ ಹೋದ ಸ್ವಲ್ಪ ಹೊತ್ತಿಗೆ ಆ ಮನುಷ್ಯ ಕುಸಿದರು. ಎಕೋ ಸ್ಕ್ಯಾನ್ ಮಾಡಿ ನೋಡಿದಾಗ ಹೃದಯದ ಸುತ್ತ ರಕ್ತ ತುಂಬಿತ್ತು. ನಾನು ಎದೆ ಒತ್ತಿದೆ, ಕಲ್ಲೇಶ ಎದೆ ಒತ್ತಿದ, ಸರದಿಯ ಮೇಲೆ ಒತ್ತಿದೆವು. ಉಳಿಯಲಿಲ್ಲ. ಆ ಕಾಯಿಲೆಯಲ್ಲಿ ಹೇಗಿದ್ದರೂ ಬಹಳ ಜನ ಉಳಿಯುವುದಿಲ್ಲ, ಇದು ನಿಜ. ಎಷ್ಟೋ ವರ್ಷ ಈ ಒಂದು ವಾಕ್ಯವನ್ನು ಹೊದ್ದುಕೊಂಡು ಮಲಗಿದೆ. ಇವತ್ತು ತೆಗೆದಿಡುತ್ತಿದ್ದೇನೆ. ಅವರು ಉಳಿಯುತ್ತಿದ್ದರೋ ಏನೋ, ಅದು ಗೊತ್ತಾಗದ ಹಾಗೆ ಮಾಡಿದವಳು ನಾನು.

ಸಾವಾದಾಗ ವಿಭಾಗದಲ್ಲಿ ಒಂದು ಸಭೆ ಸೇರುತ್ತದೆ, ಎಲ್ಲಿ ಎಡವಿದೆವು ಎಂದು ನೋಡಲು. ಮುಖ್ಯಸ್ಥರು ಒಂದೇ ಪ್ರಶ್ನೆ ಕೇಳಿದರು. ಎರಡು ಕೈಯ ನಾಡಿಯಲ್ಲಿ ವ್ಯತ್ಯಾಸ ಇರುವುದು ಕಲ್ಲೇಶನಿಗೆ ಇಂಜೆಕ್ಷನಿಗೆ ಮೊದಲೇ ಗೊತ್ತಿತ್ತಂತೆ, ಅದನ್ನು ನಿಮಗೆ ತಿಳಿಸಿದನೇ? ಸಭೆಯ ಹಿಂದಿನ ಸಾಲಿನಲ್ಲಿ ಆ ದಿನ ಕಿಸಕ್ಕೆಂದ ಕಿರಿಯರೆಲ್ಲ ಇದ್ದರು. ಅವರ ಡ್ಯೂಟಿ, ರಜೆ ಎಲ್ಲವೂ ನನ್ನ ಕೈಯಲ್ಲಿತ್ತು. ನರ್ಸುಗಳನ್ನು ಆ ಸಭೆಗೆ ಕರೆಯುತ್ತಿರಲಿಲ್ಲ. ಯಾರೂ ಬಾಯಿ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಇಲ್ಲ ಸರ್. ನನಗೆ ತಿಳಿಸಲಿಲ್ಲ." ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದೆ.

ಕಲ್ಲೇಶ ಎದ್ದುನಿಂತ. "ಹೇಳ್ದೆ ಸರ್. ಓಡೋಗಿ ಎರಡ್ಸಲ ಹೇಳ್ದೆ."

ಮುಖ್ಯಸ್ಥರು ಕನ್ನಡದವರೇ. ಆದರೂ ರೂಢಿ — ಕೈಯಲ್ಲಿದ್ದ ಕಾಗದದಿಂದ ತಲೆಯೆತ್ತದೆ, ಇಂಗ್ಲಿಷಿನಲ್ಲಿ ಹೇಳಿ ಡಾಕ್ಟರ್ ಎಂದರು. ಕಲ್ಲೇಶನ ತುಟಿ ಅಲುಗಿತು. ನನ್ನ ಕಡೆ ನೋಡಿದ. ನಾನು ಸಹಾಯ ಮಾಡುತ್ತೇನೆ ಎಂದಲ್ಲ, ಅವತ್ತು ತನ್ನ ಮಾತು ಕೇಳಿಸಿಕೊಂಡವಳು ಇವಳೇನಾ ಎಂದು ನೋಡಿದಂತಿತ್ತು. ಆಮೇಲೆ ಕೂತ.

ಅವನನ್ನು ಗಂಭೀರ ರೋಗಿಗಳ ವಿಭಾಗದಿಂದ ತೆಗೆದರು. ಕಾರಿಡಾರಿನಲ್ಲಿ ಅವನು ಬಂದರೆ ಮಾತು ನಿಲ್ಲುತ್ತಿತ್ತು. ಸ್ವಲ್ಪ ದಿನದಲ್ಲೇ ಸೀಟು ಬಿಟ್ಟ. ಕರೆದೊಯ್ಯಲು ಅವನ ತಾಯಿ ಸಿದ್ದಮ್ಮ ಬಂದಿದ್ದರು. ಅವನು ಹಾಸ್ಟೆಲಿನಿಂದ ಸಾಮಾನು ಇಳಿಸುತ್ತಿರುವಾಗ ಅವರು ನೇರ ವಿಭಾಗಕ್ಕೆ ಬಂದು, ದೊಡ್ಡ ಡಾಕ್ಟ್ರಮ್ಮ ಯಾರು ಎಂದು ಕೇಳಿ ನನ್ನೆದುರು ನಿಂತರು. "ನಮ್ ಕಲ್ಲೇಶ ಏನ್ ತೆಪ್ಪು ಮಾಡ್ದ ತಾಯಿ? ಕೇಳುದ್ರೆ ಹೇಳಾಕಿಲ್ಲ ಅಂತಾನೆ. ನೀವಾದ್ರೂ ಹೇಳಿ."

ನಾನು ಅವರ ಭುಜದ ಮೇಲೆ ಕೈಯಿಟ್ಟು, ಎಲ್ಲರಿಗೂ ಈ ಕೆಲಸ ಒಗ್ಗುವುದಿಲ್ಲ ಅಮ್ಮ ಎಂದೆ. ಸುಳ್ಳಿಗಿಂತ ಆ ಕೈ ನನಗೆ ಹೆಚ್ಚು ಅಸಹ್ಯ.

ಆ ವರ್ಷ ನನಗೆ ಅತ್ಯುತ್ತಮ ಚೀಫ್ ಎಂದು ಫಲಕ ಕೊಟ್ಟರು. ಅಲ್ಲೇ ಅಧ್ಯಾಪಕಿಯಾದೆ. ಮುಂದೆ ಪಿ.ಜಿ.ಗಳ ತರಬೇತಿಯ ಉಸ್ತುವಾರಿಯೇ ನನ್ನದಾಯಿತು. ಕಿರಿಯರನ್ನು ಬೆಳೆಸುವುದು ಹೇಗೆ ಎಂದು ಊರೂರಿನ ಸಭೆಗಳಲ್ಲಿ ಮಾತಾಡಿದೆ. ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ಯಗಟಿ ಜನ ಸಿಕ್ಕರೆ ನಮ್ಮ ಡಾಕ್ಟ್ರು ಎಂದು ಸುತ್ತುಗಟ್ಟುತ್ತಿದ್ದರು. ನಾನು ನಗುತ್ತಿದ್ದೆ. ಅಜ್ಜಂಪುರದ ಬೋರ್ಡಿನ ಬಸ್ಸು ಬಂದು ನಿಂತರೆ ಆ ಕಡೆ ಬೆನ್ನು ಮಾಡುತ್ತಿದ್ದೆ.

ಕೊನೆಗೆ ನನ್ನ ಬಾಯಿ ಬಿಡಿಸಿದ್ದು ಒಳ್ಳೆಯತನ ಅಂದುಕೊಳ್ಳಬೇಡಿ. ಒಂದು ಮಧ್ಯಾಹ್ನ ವಾರ್ಡಿನಲ್ಲಿ ಹೋಗುತ್ತಿದ್ದೆ. ನಾನೇ ತಯಾರು ಮಾಡಿದ ಹೊಸ ಚೀಫ್ ಒಬ್ಬ, ಮೊದಲ ವರ್ಷದವಳೊಬ್ಬಳನ್ನು ನಿಲ್ಲಿಸಿಕೊಂಡಿದ್ದ. ಅವಳು ಏನೋ ಅವಸರದಲ್ಲಿ ಹೇಳಹೊರಟಳು. ಅವನು ಬೆರಳೆತ್ತಿ, ಮೊದಲಿಂದ, ಇದು ಕೆಂಚಮ್ಮ ಮೇಡಂ ರೂಲು ಎಂದ. ಅವಳು ಬಾಯಿ ಮುಚ್ಚಿದಳು. ನಾನು ಹೋಗಿ, ಮೊದಲು ರೋಗಿ, ಕೊನೆಯದನ್ನೇ ಮೊದಲು ಹೇಳು, ಯಾವ ಭಾಷೆಯಲ್ಲಾದರೂ ಹೇಳು ಎಂದೆ. ರೋಗಿಯ ಉಸಿರು ಇಳಿಯುತ್ತಿತ್ತು, ಸಮಯಕ್ಕೆ ಗೊತ್ತಾಗಿ ಉಳಿಸಿಕೊಂಡೆವು. ಆದರೆ ನನ್ನ ಹೆಸರಿನಲ್ಲಿ ಒಂದು ರೂಲು ಓಡಾಡಿಕೊಂಡಿತ್ತು. ನಾನು ಸತ್ತ ಮೇಲೂ ಅದು —

ಮಾರನೆಯ ವಾರ ತರೀಕೆರೆಗೆ ಹೋದೆ. ಕಲ್ಲೇಶ ಅಲ್ಲಿ ಚಿಕ್ಕ ಕ್ಲಿನಿಕ್ ಇಟ್ಟುಕೊಂಡಿದ್ದ. ರೋಗಿಗಳ ಜೊತೆ ಬೆಂಚಿನ ಮೇಲೆ ಕೂತೆ. ನನ್ನ ಸರದಿ ಬಂದಾಗ ತಲೆಯೆತ್ತಿ ನೋಡಿ, ಕುರ್ಚಿಯಿಂದ ಎದ್ದುನಿಂತ. ಹಳೆಯ ಭಯ ಅವನ ಕಾಲಲ್ಲಿ ಇನ್ನೂ ಇತ್ತು. ಕೂರು ಎಂದೆ. ಮತ್ತೆ ಬರೆಯಬಾರದೇಕೆ, ಪಿ.ಜಿ. ಪರೀಕ್ಷೆ ಎಂದು ಎಲ್ಲೆಲ್ಲಿಂದಲೋ ಶುರುಮಾಡಿದೆ. ಅವನು ಬೇಡ ಎಂದ. ಆ ಮನುಷ್ಯನ ಮುಖ ಕಣ್ಮುಂದೆ ಬರುತ್ತದೆ ಎಂದ. ಆಮೇಲೆ ಅವನಾಡಿದ ಮಾತಿಗೆ ನಾನು ಸಿದ್ಧಳಾಗಿರಲಿಲ್ಲ.

"ನಾನು ನೆಟ್ಟಗೆ ಹೇಳ್ಲಿಲ್ಲ ಮೇಡಂ. ತೊದಲ್ಬಿಟ್ಟೆ. ನೆಟ್ಟಗೆ ಹೇಳಿದ್ರೆ ನೀವು ಎದ್ದು ಬರ್ತಿರ್ಲಿಲ್ವ?"

ಇಷ್ಟು ವರ್ಷ ಆ ಸಾವನ್ನು ಅವನು ತನ್ನದೆಂದು ಹೊತ್ತಿದ್ದ. ಅವನ ಕೈಯಿಂದ ಸೀಟು ಕಿತ್ತುಕೊಂಡದ್ದು ಮಾತ್ರ ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

"ಎಡಗೈ ಅಂದಿದ್ದು ಕೇಳಿಸಿತ್ತು ಕಲ್ಲೇಶ. ಕೇಳಿಸಿಯೂ ಬರಲಿಲ್ಲ," ಎಂದೆ.

ಅವನು ಟೇಬಲಿನ ಮೇಲಿದ್ದ ಸ್ಟೆತಸ್ಕೋಪಿನ ಕೊಳವೆಯನ್ನು ಬೆರಳಿಗೆ ಸುತ್ತಿದ, ಬಿಡಿಸಿದ. ಕ್ಷಮಿಸು ಎಂದು ಬಾಯಿ ತೆರೆದೆ. ಅವನು ಕೈಯೆತ್ತಿ ತಡೆದ.

"ನನ್ಹತ್ರ ಬ್ಯಾಡ. ಅಲ್ಲೋಗಿ ಹೇಳಿ. ಅದೇ ಮೀಟಿಂಗಲ್ಲಿ, ಅವ್ರೆಲ್ಲರ ಮುಂದೆ ಹೇಳಿ. ಇಂಗ್ಲಿಷಲ್ಲೇ ಹೇಳಿ, ಚೆನ್ನಾಗಿ ಬರ್ತದಲ್ಲ ನಿಮ್ಗೆ." ಮುಂದಿನ ರೋಗಿಯನ್ನು ಕರೆದ.

ಹೇಳಿದೆ. ಮುಂದಿನ ತಿಂಗಳ ಸಭೆಯಲ್ಲಿ ಎದ್ದುನಿಂತು, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದೆ. ಮುಖ್ಯಸ್ಥರು, ಮುಗಿದ ಕೇಸು, ಈಗೇಕೆ ಕೆದಕುತ್ತೀರಿ, ವಿಭಾಗದ ಹೆಸರು ಏನಾಗಬೇಕು ಎಂದರು. ನನ್ನ ಜೊತೆಯ ಅಧ್ಯಾಪಕರೊಬ್ಬರು ಹೊರಗೆ ಬಂದು, ಹಳ್ಳಿ ಬುದ್ಧಿ ಹೋಗಲಿಲ್ಲ ನೋಡು ಎಂದು ಇನ್ನೊಬ್ಬರಿಗೆ ಹೇಳಿದ್ದು ಕೇಳಿಸಿತು. ಲಿಖಿತವಾಗಿ ಕೊಟ್ಟೆ. ತರಬೇತಿಯ ಉಸ್ತುವಾರಿ ನನ್ನಿಂದ ತೆಗೆದರು, ವಿಚಾರಣೆ ನಡೆಯಿತು, ಬಡ್ತಿ ನಿಂತಿತು. ನಿಲ್ಲಬೇಕಾದ್ದೇ. ಕಲ್ಲೇಶನ ಮೇಲೆ ತಪ್ಪಿಲ್ಲವೆಂದು ವಿಭಾಗ ಅವನಿಗೆ ಪತ್ರ ಕಳಿಸಿತು. ಹಿರೇನಲ್ಲೂರಿಗೂ ಹೋಗಿ ಆ ರೈತರ ಹೆಂಡತಿಗೆ ಹೇಳಿದೆ. ಅಲ್ಲಿ ನಡೆದದ್ದನ್ನು ಇಲ್ಲಿ ಬರೆಯುವುದಿಲ್ಲ; ಆಕೆಯ ಸಂಕಟ ನನ್ನ ಬರಹಕ್ಕೆ ಸರಕಲ್ಲ.

ಆ ಪತ್ರ ಕೈಸೇರಿದ ಮೇಲೆ ಕಲ್ಲೇಶ ಮತ್ತೆ ಪರೀಕ್ಷೆ ಬರೆದ. ಬೇರೊಂದು ಕಾಲೇಜಿನಲ್ಲಿ ಅದೇ ತುರ್ತು ವೈದ್ಯಕೀಯಕ್ಕೇ ಸೇರಿದ. ತನಗಿಂತ ಎಷ್ಟೋ ಚಿಕ್ಕವರ ಜೊತೆ ಮೊದಲ ವರ್ಷದವನಾಗಿ ನಿಂತ. ಕೊನೆಯ ವರ್ಷ ಅಲ್ಲಿ ಅವನೇ ಚೀಫ್ ಆದನೆಂದು ಬೇರೆಯವರಿಂದ ಗೊತ್ತಾಯಿತು. ಆ ವರ್ಷಗಳಲ್ಲಿ ನನ್ನ ಜೊತೆ ಮಾತಿಲ್ಲ. ಮೊನ್ನೆ ಪದವಿ ಪ್ರದಾನಕ್ಕೆ ಸ್ವಲ್ಪ ದಿನ ಇರುವಾಗ ಫೋನ್ ಬಂತು.

"ಬನ್ನಿ. ಅವ್ವಂಗೆ ನಾನು ಏನೂ ಹೇಳಿಲ್ಲ. ನಾನು ಹೇಳಿದ್ರೆ ಮಗ ಅಂತ ನಂಬ್ತಾಳೆ. ನೀವೇ ಹೇಳ್ಬೇಕು."

ಹೋದೆ. ಹಿಂದಿನ ಸಾಲಿನಲ್ಲಿ ಕೂತೆ. ಅವನ ಹೆಸರು ಕೂಗಿದರು, ಪೂರ್ತಿ ಹೆಸರು. ಕಪ್ಪು ಗೌನಿನಲ್ಲಿ ಮೇಲೆ ಹೋಗಿ ಪ್ರಮಾಣಪತ್ರ ತೆಗೆದುಕೊಂಡು, ಫೋಟೋಗೂ ನಿಲ್ಲದೆ ಇಳಿದು ಬಂದು, ಅದನ್ನು ಸಿದ್ದಮ್ಮನ ಕೈಗಿಟ್ಟ. ಅವರು ಸೆರಗಿನಿಂದ ಕೈ ಒರೆಸಿಕೊಂಡು ಹಿಡಿದುಕೊಂಡರು. ಓದಲು ಬರುವುದಿಲ್ಲ, ಮಗನ ಹೆಸರು ಎಲ್ಲಿದೆ ಎಂದು ಕೇಳಿ, ಅವನು ತೋರಿಸಿದ ಜಾಗದ ಮೇಲೆ ಬೆರಳಿಟ್ಟುಕೊಂಡಿದ್ದರು. ಕಾಲೇಜಿನ ಅಂಗಳದಲ್ಲಿ ಶಾಮಿಯಾನ ಹಾಕಿ ಬಂದವರಿಗೆಲ್ಲ ಊಟದ ವ್ಯವಸ್ಥೆ ಮಾಡಿದ್ದರು. ಅಜ್ಜಂಪುರದಿಂದ ಬಂದಿದ್ದ ಅವರ ಕಡೆಯವರು ಆಗಲೇ ಎಲೆ ಮುಂದೆ ಕೂತಿದ್ದರು. ಕಲ್ಲೇಶ ತಾಯಿಯನ್ನು ನನ್ನೆದುರು ನಿಲ್ಲಿಸಿ ತಾನು ಪಕ್ಕಕ್ಕೆ ಸರಿದ.

ನಾನು ಹೇಳಿದೆ. ಯಗಟಿಯ ಮಾತಿನಲ್ಲಿ, ಏನನ್ನೂ ಬಿಡದೆ, ಅವತ್ತು ಅವರ ಭುಜದ ಮೇಲೆ ಕೈಯಿಟ್ಟದ್ದನ್ನೂ ಸೇರಿಸಿ ಹೇಳಿದೆ. ಈ ಸಲ ಕೈಯನ್ನು ನನ್ನ ಹತ್ತಿರವೇ ಇಟ್ಟುಕೊಂಡೆ. ಸಿದ್ದಮ್ಮ ಬೆರಳನ್ನು ಆ ಹೆಸರಿನ ಮೇಲಿಂದ ತೆಗೆಯಲಿಲ್ಲ. ಮುಗಿದ ಮೇಲೆ ನನ್ನನ್ನು ನೇರ ನೋಡಿದರು.

"ಹೇಳುದ್ರಲ್ಲ, ಕೇಳುಸ್ಕಂಡೆ. ನನ್ ಮಗ ಒಳ್ಳೇನು, ಈಗ ನಿಮ್ಮುನ್ನೂ ಊಟಕ್ಕೆ ಕರೀತಾನೆ. ಕೂರ್ಬ್ಯಾಡಿ ತಾಯಿ. ಹೊರಡಿ."